ಬುಕಿಂಗ್ ಪುಟ ಅರ್ಧ ಆಗಿದೆ, ದಸರಾ ದರ ಮಾತ್ರ ಇವತ್ತೇ ಏರಬೇಕು: ಬ್ರಾಂಚ್ ಹೇಗೆ ಇಟ್ಕೊಳ್ಳೋದು?

ತೋಟದಮನೆ

ಸಕಲೇಶಪುರದ ಹತ್ತಿರ ಒಂದು ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ನೋಡ್ಕೊಳ್ಳೋದು ನಾನು ಮತ್ತೆ ನನ್ನ ಗೆಳೆಯ, ಇಬ್ಬರೇ. ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಒಂದು ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್). ವರ್ಡ್‌ಪ್ರೆಸ್ ಅಲ್ಲ. ಕೋಡ್ ಗಿಟ್‌ನಲ್ಲಿದೆ (ಬದಲಾವಣೆಗಳ ಇತಿಹಾಸ ಇಡೋ ಸಲಕರಣೆ), ಆದ್ರೆ ಬ್ರಾಂಚ್, ಅಂದ್ರೆ ಕೆಲಸದ ಕವಲು, ಇರೋದು ಮೇನ್ ಒಂದೇ. ಇಬ್ಬರೂ ಅದರಲ್ಲೇ ಕಮಿಟ್ ಮಾಡ್ತೀವಿ (ಬದಲಾವಣೆ ದಾಖಲಿಸ್ತೀವಿ), ಸರ್ವರ್‌ಗೆ ಲಾಗಿನ್ ಆಗಿ ಪುಲ್ ಹೊಡೀತೀವಿ, ಅಂದ್ರೆ ಹೊಸದನ್ನ ಅಲ್ಲಿಗೆ ಇಳಿಸ್ಕೊಳ್ತೀವಿ.

ಈಗ ಬುಕಿಂಗ್ ಪುಟ ಪೂರ್ತಿ ಹೊಸದಾಗಿ ಬರೀತಿದೀನಿ. ಕ್ಯಾಲೆಂಡರ್, ಆನ್‌ಲೈನ್ ಪಾವತಿ, ವಾರಾಂತ್ಯಕ್ಕೆ ಬೇರೆ ದರ, ಎಲ್ಲಾ ಸೇರಿ. ಅರ್ಧ ಆಗಿದೆ, ಅಂದ್ರೆ ಸದ್ಯಕ್ಕೆ ಪುಟ ತೆರೆದ್ರೆ ಬೆಳ್ಳಗೆ ಬರುತ್ತೆ. ಬೆಳಿಗ್ಗೆ ಓನರ್ ಫೋನು: "ದಸರಾ ರಜೆಗೆ ರೇಟ್ ಜಾಸ್ತಿ ಮಾಡ್ಬೇಕು, ಇವತ್ತೇ ಹಾಕ್ಬಿಡಿ." ದರ ಇರೋ ಫೈಲ್‌ನಲ್ಲೇ ನಾನು ಕೈಯಾಡಿಸಿಟ್ಟಿದೀನಿ. ಕೆಲವು ಬದಲಾವಣೆ ಕಮಿಟ್ ಆಗಿದೆ, ಪುಶ್ ಆಗಿಲ್ಲ, ಅಂದ್ರೆ ಇನ್ನೂ ನನ್ನ ಲ್ಯಾಪ್‌ಟಾಪಲ್ಲೇ ಇದೆ. ಕೆಲವು ಕಮಿಟ್ಟೂ ಆಗಿಲ್ಲ.

ಈ ಕ್ಷಣಕ್ಕೆ ಏನ್ ಮಾಡ್ಲಿ? ಮುಂದಕ್ಕೆ ಯಾವ ಪದ್ಧತಿ ಇಟ್ಕೊಳ್ಲಿ? ಯೂಟ್ಯೂಬ್‌ನಲ್ಲಿ ನೋಡಿದ್ರೆ ಮೇನ್, ಡೆವಲಪ್, ಫೀಚರ್, ರಿಲೀಸ್, ಹಾಟ್‌ಫಿಕ್ಸ್ ಅಂತ ಐದು ಬಣ್ಣದ ಗೆರೆ ಎಳೀತಾರೆ. ಇಬ್ಬರಿಗೆ ಅಷ್ಟೆಲ್ಲ ಬೇಕಾ?

ಹುಬ್ಬಳ್ಳಿಮಂದಿ

ಮೊದ್ಲ ರೇಟ್ ಏರಸೋಣ್ರಿ, ಪದ್ಧತಿ ಆಮ್ಯಾಲೆ ನೋಡೋಣು.

ನಿಮ್ಮ ಅರ್ಧ ಕೆಲಸ ಎಲ್ಲೂ ಹೋಗೂದಿಲ್ಲ, ಹೆದರಬ್ಯಾಡ್ರಿ. ಕಮಾಂಡ್ ಇಲ್ಲೆ ಕನ್ನಡದಾಗ ಬರದೇನಿ, ಟರ್ಮಿನಲ್‌ನ್ಯಾಗ ಇಂಗ್ಲಿಷ್ ಸಣ್ಣಕ್ಷರದಾಗ ಹೊಡೀರಿ.

`ಗಿಟ್ ಸ್ವಿಚ್ -ಸಿ ಹೊಸ-ಬುಕಿಂಗ್`
`ಗಿಟ್ ಆಡ್ .`
`ಗಿಟ್ ಕಮಿಟ್ -ಎಂ "ಬುಕಿಂಗ್ ಅರ್ಧ ಆಗೈತಿ"`

ಮೊದಲ್ನೇ ಸಾಲು ಹೊಸ ಬ್ರಾಂಚ್ ಮಾಡಿ ನಿಮ್ಮನ್ನ ಅದರ ಮ್ಯಾಲೆ ನಿಂದ್ರಸತೈತಿ. ಕಮಿಟ್ ಆಗದಿದ್ದ ಬದಲಾವಣಿ ಸುದ್ದಾ ನಿಮ್ಮ ಜೋಡಿ ಬರ್ತಾವ. ಈಗ ಎಲ್ಲಾ ಆ ಬ್ರಾಂಚಿನ್ಯಾಗ ಭದ್ರ. `ಗಿಟ್ ಸ್ಟೇಟಸ್` ಹೊಡದು ಏನೂ ಬಾಕಿ ಇಲ್ಲ ಅಂತ ನೋಡಿಕೊಂಡs ಮುಂದ ಹೋಗ್ರಿ:

`ಗಿಟ್ ಸ್ವಿಚ್ ಮೇನ್`
`ಗಿಟ್ ಫೆಚ್`
`ಗಿಟ್ ರೀಸೆಟ್ --ಹಾರ್ಡ್ ಒರಿಜಿನ್/ಮೇನ್`

ಇದರಿಂದ ನಿಮ್ಮ ಮೇನ್ ಲೈವ್ ಇದ್ದಂಗ ಆತು. ಸ್ಟೇಟಸ್ ನೋಡ್ರಿ ಅಂದದ್ದು ಇದರ ಸಲುವಾಗಿ. ಹಾರ್ಡ್ ರೀಸೆಟ್ ಕಮಿಟ್ ಆಗದ್ದನ್ನ ಹೇಳದs ಕೇಳದs ಅಳಿಸಿಬಿಡತೈತಿ, ಅದನ್ನ ಗಿಟ್ ಸುದ್ದಾ ತಿರುಗಿ ಕೊಡೂದಿಲ್ಲ.

ಮುಂದ `ದಸರಾ-ದರ` ಅಂತ ಇನ್ನೊಂದು ಬ್ರಾಂಚ್, ಒಂದs ಸಾಲು ಬದಲಾವಣಿ, ಮೇನ್‌ಗೆ ಮರ್ಜ್ (ಕೂಡಿಸೂದು), ಪುಶ್, ಸರ್ವರ್‌ನ್ಯಾಗ ಪುಲ್. ಕಡೀಕ ಹೊಸ-ಬುಕಿಂಗ್‌ಗೆ ಬಂದು `ಗಿಟ್ ಮರ್ಜ್ ಮೇನ್`. ಈ ಕಡೀದ್ದನ್ನ ಬಿಟ್ರ ಮುಂದಿನ ವಾರ ನಿಮ್ಮ ಹೊಸ ಪುಟ ಲೈವ್ ಆದಾಗ ಹಳೇ ರೇಟ್ ತಿರುಗಿ ಬಂದು ಕುಂದರ್ತೈತೋ ಏನೋ ಅಂತ ನೀವs ಕುಂತು ಹುಡುಕಬೇಕಾಕ್ಕೈತಿ.

ಸ್ವಿಚ್ ಕಮಾಂಡ್ ಬಂದದ್ದು 2.23 ಆವೃತ್ತಿಗೆ, 2019ರಾಗ. ಸರ್ವರ್‌ನ್ಯಾಗ ಅದಕ್ಕಿಂತ ಹಳೇದು ಇದ್ರ `ಗಿಟ್ ಚೆಕ್‌ಔಟ್ -ಬಿ` ಹೊಡೀರಿ, ಕೆಲಸ ಅದs.

ತೋಟದಮನೆ

ಹುಬ್ಬಳ್ಳಿ ಸರ್, ದರ ಲೈವ್ ಆಯ್ತು. ಓನರ್ ಫೋನ್ ನಿಂತಿದೆ. ಆದ್ರೆ ಕೊನೇ ಮರ್ಜ್‌ನಲ್ಲಿ ಹೀಗೆ ಬಂತು:

```
<<<<<<< ಹೆಡ್
$ದರ = ವಾರಾಂತ್ಯವೇ($ದಿನ) ? 3800 : 3200;
=======
$ದರ = 3600;
>>>>>>> ಮೇನ್
```

ಇದರಲ್ಲಿ ಯಾವುದನ್ನ ಇಟ್ಕೊಳ್ಲಿ? ಎಡಿಟರ್ ಎರಡು ಬಟನ್ ತೋರಿಸ್ತಿದೆ, ಇದು ಅಥವಾ ಅದು ಅಂತ.

ಹುಬ್ಬಳ್ಳಿಮಂದಿ

ಎರಡೂ ಬಟನ್ ಒತ್ತಬ್ಯಾಡ್ರಿ. ಮ್ಯಾಲಿಂದು ನೀವು ನಿಂತಿರೋ ಬ್ರಾಂಚಿಂದು, ಕೆಳಗಿಂದು ಮೇನ್‌ದಿಂದ ಬಂದದ್ದು. ಲೆಕ್ಕ ಮಾಡೂ ರೀತಿ ಮ್ಯಾಲಿನ ಸಾಲಿನ್ಯಾಗ ಹೊಸದೈತಿ, ರೊಕ್ಕ ಕೆಳಗಿನ ಸಾಲಿನ್ಯಾಗ ಹೊಸದೈತಿ. ನಿಮಗ ಬೇಕಾದ ಸಾಲು ಎರಡರಾಗೂ ಇಲ್ಲ. ವಾರಾಂತ್ಯಕ್ಕ ಎಷ್ಟು, ವಾರದ ದಿನಕ್ಕ ಎಷ್ಟು ಅಂತ ಓನರ್‌ನ ಕೇಳಿ ಮೂರನೇ ಸಾಲು ನೀವs ಬರೀರಿ, ಆ ಗುರುತಿನ ಗೆರಿ ಮೂರೂ ತಗೀರಿ, ಆಡ್, ಕಮಿಟ್.

ಮಂದಿ ಕಾನ್‌ಫ್ಲಿಕ್ಟ್ (ಎರಡು ಬ್ರಾಂಚ್ ಒಂದs ಜಾಗಾ ಬದಲಿಸಿ ಬಡದಾಡೂದು) ಅಂದ್ರ ಎರಡರಾಗ ಒಂದು ಆರಸೂದು ಅಂತ ತಿಳದಿರ್ತಾರ. ಬಾಳ ಸಲ ಎರಡೂ ಅಲ್ಲ.

ತೋಟದಮನೆ

ಸರಿ ಹೋಯ್ತು. ಇನ್ನೊಂದು ಅನುಮಾನ. ರೆಪೊ (ಗಿಟ್ ನೋಡ್ಕೊಳ್ಳೋ ಪ್ರಾಜೆಕ್ಟ್ ಫೋಲ್ಡರ್) ಒಳಗೆ ತೋಟದ ಫೋಟೋಗಳೇ ಜಿಬಿಗಟ್ಟಲೆ ಇವೆ. ಒಂದೊಂದು ಬ್ರಾಂಚ್ ಮಾಡಿದಾಗಲೂ ಅಷ್ಟೂ ನಕಲಾಗುತ್ತಾ? ಹಾಗಿದ್ರೆ ವಿಪಿಎಸ್ ಡಿಸ್ಕ್ ತುಂಬೋಗುತ್ತೆ.

ಹಳೇಸರ್ವರ್

ಇಲ್ಲ. ನಂಬಿಕೆ ಬರದಿದ್ದರೆ ಡಾಟ್‌ಗಿಟ್ ಫೋಲ್ಡರ್ ತೆರೆದು ಒಳಗೆ ರೆಫ್ಸ್, ಅದರೊಳಗೆ ಹೆಡ್ಸ್ ನೋಡಿ. ಹೊಸ-ಬುಕಿಂಗ್ ಅನ್ನುವ ಹೆಸರಿನದೇ ಒಂದು ಪುಟ್ಟ ಫೈಲ್ ಇರುತ್ತದೆ. ಅದರಲ್ಲಿ 40 ಅಕ್ಷರದ ಕಮಿಟ್ ಗುರುತು, ಕೊನೆಗೊಂದು ಹೊಸಸಾಲು. ಒಟ್ಟು 41 ಬೈಟ್. ಬ್ರಾಂಚ್ ಎಂದರೆ ಅಷ್ಟೇ: "ಸದ್ಯ ಈ ಹೆಸರು ಈ ಕಮಿಟ್ ಮೇಲಿದೆ" ಎನ್ನುವ ಒಂದು ಚೀಟಿ. ನೀವು ಕಮಿಟ್ ಮಾಡಿದಾಗ ಚೀಟಿಯಲ್ಲಿನ ಗುರುತು ಬದಲಾಗುತ್ತದೆ. ಫೋಟೋಗಳು ಇದ್ದಲ್ಲೇ ಇರುತ್ತವೆ.

ಹಳಬರಲ್ಲಿ ಬ್ರಾಂಚ್ ಎಂದರೆ ಇನ್ನೂ ಒಂದು ಅಂಜಿಕೆ ಉಳಿದಿರುವುದಕ್ಕೆ ಕಾರಣವಿದೆ. ಗಿಟ್‌ಗಿಂತ ಮೊದಲಿನ ಸಲಕರಣೆಯಾದ ಸಬ್‌ವರ್ಷನ್‌ನಲ್ಲಿ ಬ್ರಾಂಚ್ ಮಾಡುವುದು ಆಗಲೂ ಸಲೀಸೇ, ಕಷ್ಟವಿದ್ದದ್ದು ವಾಪಸ್ ಸೇರಿಸುವಾಗ. ಯಾವ ರಿವಿಷನ್‌ನಿಂದ ಯಾವ ರಿವಿಷನ್‌ವರೆಗೆ ಈಗಾಗಲೇ ಮರ್ಜ್ ಆಗಿದೆ ಎಂದು ಅದು ನೆನಪಿಡುತ್ತಿರಲಿಲ್ಲ, ನಾವೇ ಕಮಿಟ್ ಸಂದೇಶದಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು. ಆ ಲೆಕ್ಕವನ್ನು ಅದು ತಾನೇ ಇಡಲು ಶುರುಮಾಡಿದ್ದು 2008ರಲ್ಲಿ ಬಂದ 1.5ರಿಂದ. ಅಷ್ಟರಲ್ಲಿ ಗಿಟ್ ಬಂದು ಮೂರು ವರ್ಷವಾಗಿತ್ತು. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಕೆಲಸಕ್ಕೆಂದು ಅದನ್ನು ಬರೆದಾಗ ಎದುರಿಗಿದ್ದದ್ದು ಊರೂರಿನಿಂದ ಬರುವ ಬದಲಾವಣೆಗಳನ್ನು ದಿನವೂ ಒಟ್ಟುಮಾಡುವ ಕೆಲಸ. ಮರ್ಜ್ ಸಲೀಸಾಗದೆ ಅವರಿಗೆ ಗತಿಯಿರಲಿಲ್ಲ. ನಿಮ್ಮ ಹೋಂಸ್ಟೇ ಸೈಟಿಗೆ ಸಿಗುತ್ತಿರುವುದು ಅದರ ಪ್ರಸಾದ.

ಆದರೂ ಫೋಟೋಗಳನ್ನು ರೆಪೊದಿಂದ ಹೊರಗಿಡಿ. ಫೋಟೋ ಬದಲಾದಷ್ಟು ಸಲ ಹಳೆಯದೂ ಇತಿಹಾಸದಲ್ಲಿ ಉಳಿಯುತ್ತದೆ, ಕ್ಲೋನ್ ದಿನೇದಿನೇ ಭಾರವಾಗುತ್ತದೆ.

ಕುಡ್ಲದವ

ಐದು ಗೆರೆಯ ಚಿತ್ರದ ಬಗ್ಗೆ ಯಾರೂ ಹೇಳ್ಲಿಲ್ಲ ಮಾರಾಯ್ರೆ. ಅದು ಗಿಟ್‌ಫ್ಲೋ. ವಿನ್ಸೆಂಟ್ ಡ್ರೀಸೆನ್ ಅಂತ ಒಬ್ಬರು 2010ರಲ್ಲಿ ಬರೆದದ್ದು. ಆವೃತ್ತಿ ನಂಬರ್ ಹಾಕಿ ಬಿಡುಗಡೆ ಮಾಡುವ ಸಾಫ್ಟ್‌ವೇರಿಗೆ, ಹಳೇ ಆವೃತ್ತಿಯನ್ನೂ ಸಾಕಬೇಕಾದವರಿಗೆ ಅದು ಸರಿಯೇ. ವೆಬ್‌ಸೈಟಿಗೆ ಹಳೇ ಆವೃತ್ತಿ ಎಲ್ಲಿ ಉಂಟು? ಲೈವ್‌ನಲ್ಲಿ ಇರುವುದು ಒಂದೇ. 2020ರಲ್ಲಿ ಅವರೇ ಆ ಬರಹದ ತಲೆಯ ಮೇಲೆ ಒಂದು ಟಿಪ್ಪಣಿ ಹಾಕಿದ್ದಾರೆ, ನಿರಂತರ ಬಿಡುಗಡೆಯಾಗುವ ವೆಬ್ ಆ್ಯಪ್ ಮಾಡುವವರು ಗಿಟ್‌ಹಬ್ ಫ್ಲೋದಂಥ ಸರಳ ದಾರಿ ಹಿಡಿಯಿರಿ ಅಂತ. ಯೂಟ್ಯೂಬಿನವರು ಟಿಪ್ಪಣಿ ಬಿಟ್ಟು ಚಿತ್ರ ಮಾತ್ರ ತೆಗೆದುಕೊಂಡದ್ದು.

ನಿಮಗೆ ಬೇಕಾದ್ದು ಇಷ್ಟು: ಮೇನ್ ಯಾವತ್ತೂ ಲೈವಿಗೆ ಹಾಕ್ಲಿಕ್ಕೆ ತಯಾರಿರಬೇಕು. ಏನೇ ಕೆಲಸ ಇದ್ರೂ ಮೇನ್‌ನಿಂದ ಒಂದು ಬ್ರಾಂಚ್. ಮುಗಿದ ಕೂಡ್ಲೆ ಇನ್ನೊಬ್ಬ ನೋಡಿ ಮರ್ಜ್, ಡಿಪ್ಲಾಯ್, ಬ್ರಾಂಚ್ ಡಿಲೀಟ್. ಡೆವಲಪ್ ಎಲ್ಲ ಎಂತದಕ್ಕೆ?

ಮತ್ತೆ ಬ್ರಾಂಚಿಗೆ ವಯಸ್ಸಾಗ್ಲಿಕ್ಕೆ ಬಿಡ್ಬೇಡಿ. ನಿಮ್ಮ ಬುಕಿಂಗ್ ಬ್ರಾಂಚ್ ಉಂಟಲ್ಲ, ಅದು ಈಗಲೇ ದೊಡ್ಡದಾಯ್ತು. ಕ್ಯಾಲೆಂಡರ್ ಒಂದು, ಪಾವತಿ ಒಂದು, ದರದ ಲೆಕ್ಕ ಒಂದು ಅಂತ ಮೂರು ಮಾಡಿ. ದರದ ಲೆಕ್ಕ ಮೊದಲು ಒಳಗೆ ಹೋಗ್ಲಿ, ಹಳೇ ಪುಟದಲ್ಲಿಯೇ ಅದು ಕೆಲಸ ಮಾಡ್ತದೆ. ಆಗ ಇವತ್ತಿನ ಕಾನ್‌ಫ್ಲಿಕ್ಟ್ ಬರುವುದೇ ಇಲ್ಲ.

ರಿಲೀಸ್‌ರಾತ್ರಿ

ಕುಡ್ಲದವರೇ, ಕ್ಲೈಂಟ್ ಇಲ್ಲದ ಲೋಕದಲ್ಲಿ ನೀವು ಹೇಳಿದ್ದು ಸರಿ. ನಾನು ಬೆಂಗಳೂರಿನಲ್ಲಿ ಏಜೆನ್ಸಿ ಕೆಲಸ ಮಾಡೋನು. ಕ್ಲೈಂಟ್ ಕಣ್ಣಿಂದ ನೋಡಿ ಹೂಂ ಅನ್ನದೆ ಒಂದು ಬಟನ್ ಬಣ್ಣವೂ ಲೈವ್‌ಗೆ ಹೋಗಲ್ಲ. ಅದಕ್ಕೆ ಸ್ಟೇಜಿಂಗ್ ಅಂತ ಒಂದು ಶಾಶ್ವತ ಬ್ರಾಂಚ್ ಬೇಕೇ ಬೇಕು. ಎಲ್ಲರೂ ಅದಕ್ಕೆ ಮರ್ಜ್ ಮಾಡ್ತಾರೆ, ಸ್ಟೇಜಿಂಗ್ ಸೈಟ್ (ಲೈವ್‌ಗೆ ಮುಂಚಿನ ಪರೀಕ್ಷೆ ಸೈಟ್) ತಾನಾಗೇ ಅಪ್‌ಡೇಟ್ ಆಗುತ್ತೆ, ಕ್ಲೈಂಟ್ ನೋಡ್ತಾರೆ, ಆಮೇಲೆ ಸ್ಟೇಜಿಂಗ್‌ನಿಂದ ಮೇನ್‌ಗೆ. ಓನರ್ ಒಬ್ಬರಿದ್ದಾರೆ ಅಂದ್ಮೇಲೆ ತೋಟದಮನೆಯವರಿಗೂ ಇದು ಬೇಕು.

ಕುಡ್ಲದವ

ಸ್ಟೇಜಿಂಗ್ ಸೈಟ್ ಬೇಕು, ಒಪ್ಪಿದೆ. ಸ್ಟೇಜಿಂಗ್ ಬ್ರಾಂಚ್ ಯಾಕೆ?

ಹೀಗೆ ಯೋಚಿಸಿ. ಹೊಸ ಮೆನು ಒಂದು, ಗ್ಯಾಲರಿ ಒಂದು, ಪಾವತಿ ಒಂದು, ಮೂರೂ ನಿಮ್ಮ ಸ್ಟೇಜಿಂಗ್‌ನಲ್ಲಿ ಸೇರಿ ಕೂತಿವೆ. ಕ್ಲೈಂಟ್ ಹೇಳ್ತಾರೆ, ಪಾವತಿ ನಾಳೆಯೇ ಬೇಕು, ಮೆನು ಬೇಡ, ಗ್ಯಾಲರಿ ಮುಂದಿನ ತಿಂಗಳು ನೋಡುವ. ಈಗ ಸ್ಟೇಜಿಂಗ್‌ನಿಂದ ಮೇನ್‌ಗೆ ಎಂತ ಮರ್ಜ್ ಮಾಡ್ತೀರಿ? ಮೂರೂ ಹೋಗ್ತದೆ ಅಥವಾ ಒಂದೂ ಇಲ್ಲ. ಅಲ್ಲಿಂದ ಚೆರ್ರಿಪಿಕ್ ಸುರು. ಒಂದೊಂದೇ ಕಮಿಟ್ ಹೆಕ್ಕುವುದು, ಒಂದು ಬಿಟ್ಟುಹೋಗುವುದು, ಅದೇ ಬದಲಾವಣೆ ಎರಡು ಗುರುತಿನಲ್ಲಿ ಎರಡು ಕಡೆ ಕೂರುವುದು. ಆರು ತಿಂಗಳಲ್ಲಿ ಸ್ಟೇಜಿಂಗೂ ಮೇನೂ ಪರಸ್ಪರ ಗುರುತು ಸಿಗದಷ್ಟು ದೂರ ಆಗಿರ್ತವೆ.

ರಿಲೀಸ್‌ರಾತ್ರಿ

ಅದು ಆಗುತ್ತೆ, ಇಲ್ಲ ಅನ್ನಲ್ಲ. ನಮ್ಮಲ್ಲಿ ನಿಯಮ ಇದೆ: ಫೀಚರ್ ಬ್ರಾಂಚ್ ಹುಟ್ಟೋದು ಮೇನ್‌ನಿಂದ ಮಾತ್ರ, ಲೈವ್‌ಗೆ ಹೋಗೋದೂ ಫೀಚರ್ ಬ್ರಾಂಚಿಂದಲೇ. ಸ್ಟೇಜಿಂಗ್ ಬರೀ ಬಿಸಾಡೋ ಬ್ರಾಂಚ್. ತಿಂಗಳಿಗೊಮ್ಮೆ ಅಳಿಸಿ ಮೇನ್‌ನಿಂದ ಹೊಸದಾಗಿ ಮಾಡ್ತೀವಿ.

ಕುಡ್ಲದವ

ಹಾಗಾದ್ರೆ ನಾನೂ ನೀವೂ ಒಂದೇ ಮಾತು ಹೇಳ್ತಾ ಇದ್ದೇವೆ. ಮೊದಲು ಬರೆದದ್ದು ಹಾಗೆ ಇರ್ಲಿಲ್ಲ, ಅಷ್ಟೆ. ಸ್ಟೇಜಿಂಗ್‌ನಿಂದ ಮೇನ್‌ಗೆ ಬಾಣ ಹೋಗ್ಬಾರ್ದು, ಆಯ್ತಾ.

ತೋಟದಮನೆ

ನಿಮ್ಮಿಬ್ಬರ ಜಗಳದಲ್ಲಿ ನನಗೆ ಲಾಭ ಆಯ್ತು. ಆದ್ರೆ ಓನರ್‌ಗೆ ತೋರಿಸೋದು ಹೇಗೆ? ನೆಟ್ಲಿಫೈ, ವರ್ಸೆಲ್‌ನಂಥ ಹೋಸ್ಟಿಂಗ್ ಸೇವೆಗಳಲ್ಲಿ ಪ್ರತಿ ಬ್ರಾಂಚ್‌ಗೂ ತಾನಾಗೇ ಒಂದು ಪ್ರಿವ್ಯೂ ಲಿಂಕ್ ಬರುತ್ತಂತೆ. ನಮ್ಮದು ಪಿಎಚ್‌ಪಿ, ಸ್ವಂತ ವಿಪಿಎಸ್.

ಹಳೇಸರ್ವರ್

ವರ್ಕ್‌ಟ್ರೀ ಬಳಸಿ. ಗಿಟ್ 2.5ರಿಂದ, ಅಂದರೆ 2015ರಿಂದ ಇದೆ, ಬಳಸುವವರು ಮಾತ್ರ ಕಡಿಮೆ. ಸರ್ವರ್‌ನಲ್ಲಿರುವ ರೆಪೊದಲ್ಲಿ ನಿಂತು:

`ಗಿಟ್ ವರ್ಕ್‌ಟ್ರೀ ಆಡ್ ../ಪ್ರಿವ್ಯೂ ಹೊಸ-ಬುಕಿಂಗ್`

ಪಕ್ಕದಲ್ಲಿ ಪ್ರಿವ್ಯೂ ಎಂಬ ಫೋಲ್ಡರ್ ಎದ್ದು, ಅದರಲ್ಲಿ ಆ ಬ್ರಾಂಚಿನ ಫೈಲುಗಳು ಬರುತ್ತವೆ. ಲೈವ್ ಫೋಲ್ಡರ್ ಮೇನ್‌ನಲ್ಲೇ ಇರುತ್ತದೆ. ಇತಿಹಾಸ ಎರಡಕ್ಕೂ ಒಂದೇ, ಮತ್ತೆ ಕ್ಲೋನ್ ಬೇಡ. (ರೆಪೊದಲ್ಲಿರುವ ಫೋಟೋಗಳು ಮಾತ್ರ ಈ ಫೋಲ್ಡರಿಗೂ ಇಳಿಯುತ್ತವೆ. ಹೊರಗಿಡಿ ಎಂದದ್ದಕ್ಕೆ ಇನ್ನೊಂದು ಕಾರಣ.) ಒಂದು ಸಬ್‌ಡೊಮೇನ್ ಮಾಡಿ ಈ ಫೋಲ್ಡರಿಗೆ ತಿರುಗಿಸಿ.

ಈಗ ಎಚ್ಚರ ಬೇಕಾದ ಜಾಗಗಳು. ಇವು ಗಿಟ್‌ನವಲ್ಲ, ಆದರೆ ಪೆಟ್ಟು ಬೀಳುವುದು ಇಲ್ಲಿಯೇ.

ಪ್ರಿವ್ಯೂ ಸೈಟಿಗೆ ಪಾಸ್‌ವರ್ಡ್ ಹಾಕಿ, ಅದೂ ಅಪಾಚೆ ಅಥವಾ ಎಂಜಿನ್‌ಎಕ್ಸ್ (ವೆಬ್ ಸರ್ವರ್) ಮಟ್ಟದಲ್ಲಿ. ಗೂಗಲ್ ನೋಡದಿರಲಿ ಎಂದು ಕೆಲವರು ಪುಟದ ಹೆಡ್‌ನಲ್ಲಿ ನೋಇಂಡೆಕ್ಸ್ ಟ್ಯಾಗ್ ಬರೆದು ಬ್ರಾಂಚಿನಲ್ಲೇ ಕಮಿಟ್ ಮಾಡುತ್ತಾರೆ. ಆ ಬ್ರಾಂಚ್ ಮೇನ್‌ಗೆ ಮರ್ಜ್ ಆದ ದಿನ ಟ್ಯಾಗೂ ಜೊತೆಗೆ ಲೈವ್‌ಗೆ ಹೋಗುತ್ತದೆ. ಸೈಟು ಚೆನ್ನಾಗಿಯೇ ತೆರೆಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸ್ವಲ್ಪ ದಿನ ಕಳೆದ ಮೇಲೆ "ಗೂಗಲ್‌ನಲ್ಲಿ ನಮ್ಮ ಹೆಸರೇ ಬರ್ತಿಲ್ಲ" ಎಂದು ಓನರ್ ಫೋನ್ ಮಾಡುತ್ತಾರೆ. ಲೈವ್‌ಗೂ ಪ್ರಿವ್ಯೂಗೂ ಬೇರೆಬೇರೆ ಇರಬೇಕಾದ ಯಾವುದೂ ಬ್ರಾಂಚಿನೊಳಗೆ ಇರಬಾರದು: ಡೇಟಾಬೇಸ್ ಪಾಸ್‌ವರ್ಡ್, ಪಾವತಿ ಕೀ, ನೋಇಂಡೆಕ್ಸ್, ಎಲ್ಲ. ಅವು ಸರ್ವರ್‌ನಲ್ಲಿ, ಗಿಟ್‌ಇಗ್ನೋರ್ ಆದ, ಅಂದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳದ, ಕಾನ್ಫಿಗ್ ಫೈಲಿನಲ್ಲಿ ಇರಲಿ.

ಪಾವತಿಗೆ ಟೆಸ್ಟ್ ಕೀ ಹಾಕಿ. ಇಮೇಲ್, ಎಸ್‌ಎಂಎಸ್ ಪ್ರಿವ್ಯೂನಲ್ಲಿ ಬಂದ್ ಮಾಡಿ, ಇಲ್ಲವೇ ಎಲ್ಲವೂ ನಿಮ್ಮ ಒಂದೇ ವಿಳಾಸಕ್ಕೆ ಬರುವಂತೆ ತಿರುಗಿಸಿ. ಲೈವ್ ಡೇಟಾಬೇಸಿನ ನಕಲು ಹಾಕಿಕೊಂಡು ನೀವು "ಬುಕಿಂಗ್ ರದ್ದು" ಬಟನ್ ಪರೀಕ್ಷಿಸಿದರೆ, ದಸರಾಕ್ಕೆ ನಿಜವಾಗಿ ಬುಕ್ ಮಾಡಿದವರ ಫೋನಿಗೆ ರದ್ದಾದ ಸಂದೇಶ ಹೋಗುತ್ತದೆ.

ಇನ್ನು, ಸರ್ವರ್‌ನಲ್ಲಿ ನೇರ ಪುಲ್ ಮಾಡುತ್ತೀರಿ ಎಂದಿರಿ. ಹಾಗಿದ್ದರೆ ಡಾಟ್‌ಗಿಟ್ ಫೋಲ್ಡರ್ ವೆಬ್ ರೂಟಿನೊಳಗೇ (ಹೊರಗಿನವರಿಗೆ ತೆರೆದಿರುವ ಫೋಲ್ಡರಿನಲ್ಲಿ) ಇರಬಹುದು. ಬ್ರೌಸರಿನಲ್ಲಿ ನಿಮ್ಮ ವಿಳಾಸದ ಮುಂದೆ ಡಾಟ್‌ಗಿಟ್, ಸ್ಲ್ಯಾಶ್, ಹೆಡ್ ಎಂದು ಹೊಡೆದು ನೋಡಿ. ಒಂದು ಸಾಲು ಪಠ್ಯ ಬಂದರೆ ನಿಮ್ಮ ಪೂರ್ತಿ ಕೋಡನ್ನು, ಹಳೆಯ ಕಮಿಟ್‌ಗಳಲ್ಲಿ ಉಳಿದಿರುವ ಪಾಸ್‌ವರ್ಡ್ ಸಮೇತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇವತ್ತೇ ಮುಚ್ಚಿ. ವೆಬ್ ರೂಟನ್ನು ರೆಪೊದೊಳಗಿನ ಪಬ್ಲಿಕ್ ಫೋಲ್ಡರಿಗೆ ಇಳಿಸಿದರೆ ಈ ತೊಂದರೆ ಬುಡಸಮೇತ ಹೋಗುತ್ತದೆ.

ತೋಟದಮನೆ

ಹಳೇಸರ್ವರ್ ಮೇಡಂ, ನೋಡಿದೆ. ಒಂದು ಸಾಲು ಬಂತು. ಮುಚ್ಚಿದೆ. ಪಾಸ್‌ವರ್ಡೂ ಬದಲಿಸಿದೆ.

ಟೇಬಲ್‌ಭಟ್ಟ

ಡೇಟಾಬೇಸ್ ಮಾತು ಯಾರೂ ಎತ್ತದೆ ಇದ್ದದ್ದಕ್ಕೆ ನಾನು ಬಂದೆ. ನೀವು ಬ್ರಾಂಚ್ ಬದಲಿಸಿದಾಗ ಫೈಲುಗಳು ಬದಲಾಗುತ್ತವೆ, ಟೇಬಲ್ ಬದಲಾಗಲ್ಲ. ಹೊಸ-ಬುಕಿಂಗ್‌ನಲ್ಲಿ ನೀವು `ದರ` ಕಾಲಂ ಹೆಸರನ್ನ `ವಾರದ_ದರ` ಅಂತ ಬದಲಿಸಿದ್ರೆ, ಮೇನ್‌ಗೆ ವಾಪಸ್ ಬಂದ ತಕ್ಷಣ ಹಳೇ ಕೋಡು `ದರ` ಎಲ್ಲಿ ಅಂತ ಹುಡುಕಿ ಬಿದ್ದುಹೋಗುತ್ತೆ. ನಿಮ್ಮ ಲ್ಯಾಪ್‌ಟಾಪಲ್ಲಾದ್ರೆ ತಲೆನೋವು, ಲೈವಲ್ಲಾದ್ರೆ ಬುಕಿಂಗ್ ಬಂದ್.

ಕಾಲಂ ಹೆಸರು ಬದಲಿಸಬೇಡಿ. ಮೊದಲ ಬ್ರಾಂಚ್: `ವಾರದ_ದರ`, `ವಾರಾಂತ್ಯ_ದರ` ಅಂತ ಹೊಸ ಕಾಲಂ ಸೇರಿಸೋದು ಮಾತ್ರ, ಹಳೇದು ಇದ್ದ ಹಾಗೇ ಇರಲಿ. ಇದನ್ನ ಲೈವ್ ಮಾಡಿ, ಹಳೇ ಕೋಡಿಗೆ ಏನೂ ಆಗಲ್ಲ. ಎರಡನೇ ಬ್ರಾಂಚ್: ಕೋಡು ಎರಡೂ ಕಡೆ ಬರೆಯೋದು, ಹೊಸದರಿಂದ ಓದೋದು. ಎಲ್ಲ ಸರಿಯಾಗಿದೆ ಅಂತ ಒಂದಷ್ಟು ದಿನ ನೋಡಿದ ಮೇಲೆ ಮೂರನೇ ಬ್ರಾಂಚ್: ಹಳೇ ಕಾಲಂ ತೆಗೆಯೋದು. ಹಳೇ ಕಾಲಂ ತೆಗೆಯೋವರೆಗೆ ಯಾವ ಹೆಜ್ಜೆಯಲ್ಲಿ ಕೋಡ್ ಹಿಂದಕ್ಕೆ ಹೋಗಬೇಕಾಗಿ ಬಂದರೂ ಟೇಬಲ್ ತಾಳಿಕೊಳ್ಳುತ್ತೆ.

ಮತ್ತೆ ಮೈಗ್ರೇಷನ್ ಫೈಲುಗಳಿಗೆ (ಟೇಬಲ್ ಬದಲಾವಣೆ ಬರೆದಿಡೋ ಫೈಲು) 014, 015 ಅಂತ ನಂಬರ್ ಕೊಡ್ತಿದ್ರೆ ಬಿಡಿ. ನೀವು ನಿಮ್ಮ ಬ್ರಾಂಚಲ್ಲಿ 015 ಮಾಡ್ತೀರಿ, ನಿಮ್ಮ ಗೆಳೆಯರು ಅವರ ಬ್ರಾಂಚಲ್ಲಿ ಇನ್ನೊಂದು 015 ಮಾಡ್ತಾರೆ. ಮುಂದಿನ ಹೆಸರು ಬೇರೆ ಇರೋದ್ರಿಂದ ಗಿಟ್‌ಗೆ ಅದು ಕಾನ್‌ಫ್ಲಿಕ್ಟೇ ಅಲ್ಲ, ಎರಡನ್ನೂ ಸುಮ್ಮನೆ ತಗೊಳ್ಳುತ್ತೆ, ಯಾವುದು ಮೊದಲು ಅಂತ ನಂಬರಿಂದ ಗೊತ್ತಾಗಲ್ಲ. ದಿನಾಂಕ, ಗಂಟೆ, ನಿಮಿಷ ಸೇರಿಸಿದ ಹೆಸರು ಕೊಡಿ.

ಮರ್ಜ್ ಸಲೀಸಾಗಿ ಆಯ್ತು ಅಂದ್ರೆ ಸೈಟು ಸರಿ ಇದೆ ಅಂತ ಅರ್ಥ ಅಲ್ಲ. ನಿಮ್ಮ ಗೆಳೆಯರು ಮೇನ್‌ನಲ್ಲಿ ಒಂದು ಸಿಎಸ್‌ಎಸ್ ಕ್ಲಾಸ್ ಹೆಸರು ಬದಲಿಸಿ ಎಲ್ಲ ಹಳೇ ಪುಟಗಳಲ್ಲೂ ತಿದ್ದಿರ್ತಾರೆ, ನಿಮ್ಮ ಹೊಸ ಪುಟ ಹಳೇ ಹೆಸರನ್ನೇ ಹಿಡಿದಿರುತ್ತೆ. ಎರಡೂ ಬೇರೆ ಫೈಲ್, ಗಿಟ್ ಚಕಾರ ಎತ್ತಲ್ಲ. ಪುಟ ಮಾತ್ರ ಚೆಲ್ಲಾಪಿಲ್ಲಿ. ಅದಕ್ಕೇ ದಿನಾ ಬೆಳಿಗ್ಗೆ ಮೇನ್ ಅನ್ನ ನಿಮ್ಮ ಬ್ರಾಂಚಿಗೆ ಎಳ್ಕೊಂಡು ಪುಟ ತೆರೆದು ಕಣ್ಣಲ್ಲಿ ನೋಡಿ.

ರಿಲೀಸ್‌ರಾತ್ರಿ

ಸಿಎಸ್‌ಎಸ್ ಅಂದ್ರಿ, ನೆನಪಾಯ್ತು. ಎಲ್ಲರೂ ಹೊಸ ರೂಲ್‌ಗಳನ್ನ ಸ್ಟೈಲ್ ಫೈಲಿನ ಕೊನೇ ಸಾಲಿಗೇ ತಂದು ಸೇರಿಸ್ತಾರೆ. ಎರಡು ಬ್ರಾಂಚ್ ಒಂದೇ ಜಾಗಕ್ಕೆ ಸೇರಿಸಿದ್ರೆ ಕಾನ್‌ಫ್ಲಿಕ್ಟ್ ಗ್ಯಾರಂಟಿ. ಸಂಬಂಧಪಟ್ಟ ರೂಲ್ ಪಕ್ಕದಲ್ಲೇ ಬರೆದ್ರೆ ಅರ್ಧ ಕಾಟ ತಪ್ಪುತ್ತೆ. ಮಿನಿಫೈ ಆದ (ಜಾಗ ಉಳಿಸೋಕೆ ಕುಗ್ಗಿಸಿದ) ಫೈಲನ್ನಂತೂ ಕಮಿಟ್ ಮಾಡಲೇಬೇಡಿ. ಇಡೀ ಫೈಲ್ ಒಂದೇ ಸಾಲು, ಅದರಲ್ಲಿ ಕಾನ್‌ಫ್ಲಿಕ್ಟ್ ಬಂದ್ರೆ ಬಿಡಿಸೋಕೆ ಯಾರಿಂದಲೂ ಆಗಲ್ಲ.

ಲೈವ್ ಆದ ಮೇಲೆ ಹಿಂದಕ್ಕೆ ತಗೊಳ್ಳೋದರ ಬಗ್ಗೆಯೂ ಹೇಳ್ಬಿಡ್ತೀನಿ, ಇಲ್ಲಿ ಒಂದು ಗುಂಡಿ ಇದೆ. ಬುಕಿಂಗ್ ಬ್ರಾಂಚ್ ಮರ್ಜ್ ಮಾಡಿದ್ರಿ, ಪಾವತಿ ಕೆಟ್ಟಿದೆ. `ಗಿಟ್ ರಿವರ್ಟ್ -ಎಂ 1` ಕೊಟ್ಟು ಆ ಮರ್ಜ್ ಕಮಿಟ್ ಗುರುತು ಹಾಕಿ. ಮೇನ್ ಹಳೇ ಸ್ಥಿತಿಗೆ ಬರುತ್ತೆ, ಪುಶ್, ಪುಲ್, ಸೈಟ್ ಉಳೀತು. ಇಲ್ಲಿವರೆಗೆ ಸರಿ. ಮಾರನೇ ದಿನ ಬ್ರಾಂಚಲ್ಲಿ ಪಾವತಿ ಸರಿಮಾಡಿ ಮತ್ತೆ ಮರ್ಜ್ ಮಾಡ್ತೀರಿ. ಏನ್ ಬರುತ್ತೆ ಹೇಳಿ? ಇವತ್ತು ಸರಿಮಾಡಿದ ನಾಲ್ಕು ಸಾಲು ಮಾತ್ರ. ಹಳೇ ಕಮಿಟ್‌ಗಳು ಈಗಾಗಲೇ ಮೇನ್ ಇತಿಹಾಸದಲ್ಲಿವೆ ಅಂತ ಗಿಟ್ ಅವನ್ನ ಮತ್ತೆ ತರಲ್ಲ. ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಿ, ಆಮೇಲೆ ಮರ್ಜ್ ಮಾಡ್ಬೇಕು. ಗಿಟ್ ಜೊತೆ ಬರೋ ದಸ್ತಾವೇಜಲ್ಲೇ ಇದಕ್ಕೆ ಟೊರ್ವಾಲ್ಡ್ಸ್ ಬರೆದ ಒಂದು ಉದ್ದನೆ ವಿವರಣೆ ಇದೆ, ಅಷ್ಟು ಜನ ಇದರಲ್ಲಿ ಬಿದ್ದಿದ್ದಾರೆ.

ಸ್ಕ್ವಾಶ್ ಮರ್ಜ್ ಮಾಡಿದ್ರೆ ಈ ಗೊಂದಲ ಕಡಿಮೆ. ಬ್ರಾಂಚಿನ ಎಲ್ಲ ಕಮಿಟ್ ಸೇರಿ ಮೇನ್‌ನಲ್ಲಿ ಒಂದೇ ಕಮಿಟ್. "ಅರ್ಧ ಆಗೈತಿ" ಅನ್ನೋ ಸಂದೇಶಗಳೂ ಮೇನ್‌ನಲ್ಲಿ ಉಳಿಯಲ್ಲ. ಆದ್ರೆ ಸ್ಕ್ವಾಶ್ ಆದ ಬ್ರಾಂಚಲ್ಲಿ ಮತ್ತೆ ಕೆಲಸ ಮುಂದುವರಿಸಬೇಡಿ. ಅದರ ಹಳೇ ಕಮಿಟ್‌ಗಳು ಮೇನ್‌ಗೆ ಗೊತ್ತೇ ಇಲ್ಲ, ಮುಂದಿನ ಮರ್ಜಲ್ಲಿ ನಿಮ್ಮ ಸಾಲುಗಳೇ ನಿಮ್ಮ ಸಾಲುಗಳ ಜೊತೆ ಜಗಳಕ್ಕೆ ಬೀಳ್ತವೆ.

ಹುಬ್ಬಳ್ಳಿಮಂದಿ

ಸ್ಕ್ವಾಶ್ ಆದ ಮ್ಯಾಲೆ `ಗಿಟ್ ಬ್ರಾಂಚ್ -ಡಿ` ಅಂದ್ರ "ಇದು ಪೂರ್ತಿ ಮರ್ಜ್ ಆಗಿಲ್ಲ" ಅಂತ ತಕರಾರು ತಗೀಬಹುದು. ಹೆದರಬ್ಯಾಡ್ರಿ, ದೊಡ್ಡ ಡಿ ಹೊಡೀರಿ. ಅವಸರದಾಗ ಬ್ಯಾರೇ ಬ್ರಾಂಚ್ ಅಳಿಸಿದ್ರೂ `ಗಿಟ್ ರೆಫ್‌ಲಾಗ್`ನ್ಯಾಗ ಹಳೇ ಗುರುತು ಸಿಗತೈತಿ. ಯಾವ ಬ್ರಾಂಚಿಗೂ ಸೇರದ ಕಮಿಟ್ ಅಲ್ಲೆ 30 ದಿನದ ಮಟಾ ಇರ್ತಾವ, ಸೆಟಿಂಗ್ ಬದಲಿ ಮಾಡಿರದಿದ್ರ.

ಇನ್ನ ನಂದೊಂದು ಮಾತು. ರೇಟ್ ಏರಸಾಕ ಬ್ರಾಂಚ್ ಯಾಕ ಬೇಕ್ರಿ? ದಸರಾ ಆತು, ದೀಪಾವಳಿ ಬರ್ತೈತಿ, ಡಿಸೆಂಬರ್ ರಜಾ ಬರ್ತೈತಿ, ಪ್ರತಿ ಸಲ ಓನರ್ ಫೋನು, ನಿಮ್ಮ ಬ್ರಾಂಚು, ಮರ್ಜು. ರೇಟ್ ಡೇಟಾಬೇಸಿನ್ಯಾಗ ಇಟ್ಟು ಓನರ್ ಕೈಯಾಗ ಒಂದು ಲಾಗಿನ್ ಕೊಡ್ರಿ. ಅವರs ಏರಸ್ಲಿ, ಅವರs ಇಳಸ್ಲಿ. ಕೋಡ್ ಬದಲಾಗೂದಕ್ಕ ಬ್ರಾಂಚ್, ದಿನಾ ಬದಲಾಗೂ ಮಾಹಿತಿಗೆ ಅಲ್ಲ.

ತೋಟದಮನೆ

ಅದು ಒಳ್ಳೇ ಮಾತು ಸರ್, ಬುಕಿಂಗ್‌ಗಿಂತ ಮೊದಲು ಅದನ್ನೇ ಮಾಡ್ತೀನಿ. `ದರ-ಅಡ್ಮಿನ್` ಅಂತ ಬ್ರಾಂಚ್ ಶುರುಮಾಡಿದೆ. ಕುಡ್ಲದವರು ಹೇಳಿದ ಹಾಗೆ ಬುಕಿಂಗ್ ಕೆಲಸವನ್ನೂ ಒಡೆದೆ. ಪ್ರಿವ್ಯೂ ಲಿಂಕ್ ಓನರ್‌ಗೆ ಹೋಗಿದೆ, "ಕ್ಯಾಲೆಂಡರ್‌ನಲ್ಲಿ ಕನ್ನಡ ತಿಂಗಳು ಯಾಕಿಲ್ಲ" ಅಂದ್ರು.

ನಾನು ಬ್ರಾಂಚ್ ಹೆಸರನ್ನ ನಿಜವಾಗ್ಲೂ ಕನ್ನಡ ಅಕ್ಷರದಲ್ಲೇ ಇಟ್ಟಿದೀನಿ. ಗಿಟ್ ಏನೂ ತಕರಾರು ಮಾಡ್ಲಿಲ್ಲ. ಆದ್ರೆ ಫೈಲುಗಳಿಗೂ ಕನ್ನಡ ಹೆಸರು ಕೊಟ್ಟಿರೋ ಕಡೆ ಸ್ಟೇಟಸ್‌ನಲ್ಲಿ `"\340\262\254\340\263\201..."` ಅಂತ ಏನೇನೋ ಬರ್ತಿದೆ. ಫೈಲ್ ಕೆಟ್ಟಿದೆಯಾ?

ಪದಪುಟ

ಕೆಟ್ಟಿಲ್ಲ. ನಾನು ಕನ್ನಡ ಬರಹಗಳ ಒಂದು ಸೈಟ್ ನಡೆಸುತ್ತೇನೆ, ನಮ್ಮಲ್ಲಿ ಇದು ದಿನನಿತ್ಯದ ಕಥೆ. ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತ) ಅಲ್ಲದ ಹೆಸರನ್ನು ಗಿಟ್ ಬೈಟ್ ಬೈಟಾಗಿ ಎಂಟರ ಲೆಕ್ಕದ ಅಂಕಿಯಲ್ಲಿ ತೋರಿಸುತ್ತದೆ. ನೀವು ಹಾಕಿದ್ದರಲ್ಲಿ ಮೊದಲ ಮೂರು ಸೇರಿದರೆ ಬ, ಮುಂದಿನ ಮೂರು ಅದರ ಕೊಂಬು. `ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್` ಎಂದು ಒಮ್ಮೆ ಕೊಟ್ಟರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಬ್ರಾಂಚ್ ಹೆಸರು ನಿಮ್ಮಿಬ್ಬರ ನಡುವೆ ಕನ್ನಡದಲ್ಲಿದ್ದರೆ ತೊಂದರೆಯಿಲ್ಲ. ಬ್ರಾಂಚ್ ಹೆಸರಿನಿಂದಲೇ ಸಬ್‌ಡೊಮೇನ್ ಮಾಡುವ ಸಲಕರಣೆಗೆ ಮುಂದೆ ಯಾವಾಗಲಾದರೂ ಹೋಗುವುದಿದ್ದರೆ ಮಾತ್ರ ಇಂಗ್ಲಿಷ್ ಸಣ್ಣಕ್ಷರ ಕ್ಷೇಮ. ಫೈಲ್ ಹೆಸರಿನ ಬಗ್ಗೆ ನಾನು ಹೆಚ್ಚು ಹುಷಾರು. 'ತೋಟ' ಪದದ ತೋ ಇದೆಯಲ್ಲ, ಅದರ ಓತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಬಿಡಿ ಚಿಹ್ನೆ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಲಿನಕ್ಸ್ ಸರ್ವರಿಗೆ ಅವು ಎರಡು ಬೇರೆ ಫೈಲು. ಮ್ಯಾಕಿನ ಹಳೆಯ ಫೈಲ್ ವ್ಯವಸ್ಥೆ ಹೆಸರನ್ನು ಬಿಡಿಬಿಡಿಯಾಗಿ ಇಡುತ್ತಿತ್ತು, ಅದಕ್ಕೇ ಗಿಟ್‌ನಲ್ಲಿ ಪ್ರಿಕಂಪೋಸ್‌ಯುನಿಕೋಡ್ ಎಂಬ ಸೆಟ್ಟಿಂಗ್ ಇದೆ. ನಿಮ್ಮ ಗೆಳೆಯರದು ಮ್ಯಾಕ್ ಆಗಿದ್ದು, ಕೋಡಿನಲ್ಲಿ ಸರಿಯಾಗಿಯೇ ಬರೆದ ಫೋಟೋ ಲೈವ್‌ನಲ್ಲಿ 404 ಎಂದರೆ ಮೊದಲು ಇದನ್ನು ನೋಡಿ.

ಕನ್ನಡ ಪಠ್ಯ ಇರುವ ಪುಟಗಳನ್ನು ಮರ್ಜಿಗೆ ಮುಂಚೆ ಓದಲು ಇನ್ನೊಂದು ಉಪಾಯ. ನಾವು ಪ್ಯಾರಾ ಪೂರ್ತಿ ಒಂದೇ ಸಾಲಿನಲ್ಲಿ ಬರೆಯುವವರು, ಹಾಗಾಗಿ ಒಂದು ದೀರ್ಘ ತಿದ್ದಿದರೂ ಡಿಫ್‌ನಲ್ಲಿ (ವ್ಯತ್ಯಾಸದ ಪಟ್ಟಿಯಲ್ಲಿ) ಪ್ಯಾರಾ ಇಡೀ ಕೆಂಪು, ಇಡೀ ಹಸಿರು. `ಗಿಟ್ ಡಿಫ್ --ವರ್ಡ್-ಡಿಫ್ ಮೇನ್` ಕೊಡಿ, ಬದಲಾದ ಪದ ಮಾತ್ರ ಎದ್ದು ಕಾಣುತ್ತದೆ. ಅಕ್ಷರ ಅಕ್ಷರಕ್ಕೂ ತೋರಿಸುವಂತೆ ರೆಜೆಕ್ಸ್ (ಹುಡುಕುವ ಮಾದರಿ) ಕೊಡಲು ಹೋಗಬೇಡಿ, ಒತ್ತಕ್ಷರವೂ ಗುಣಿತವೂ ಚೂರುಚೂರಾಗಿ ಬಂದು ಓದಲಾಗುವುದಿಲ್ಲ.

ಕ್ಯಾಲೆಂಡರಿನ ಕನ್ನಡ ತಿಂಗಳಿಗೆ ಪಿಎಚ್‌ಪಿಯಲ್ಲೇ ಇಂಟ್ಲ್ ಎಂಬ, ಭಾಷೆಗೆ ತಕ್ಕಂತೆ ದಿನಾಂಕ ಬರೆಯುವ ಎಕ್ಸ್‌ಟೆನ್ಶನ್ ಇದೆ, ಕೈಯಾರೆ ಹೆಸರು ಬರೆಯಬೇಡಿ. ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರಬಹುದು, ವಿಪಿಎಸ್‌ನಲ್ಲಿ ಇಲ್ಲದಿರಬಹುದು. ಮರ್ಜ್ ಮಾಡುವ ಮುಂಚೆ ಸರ್ವರ್‌ನಲ್ಲಿ `ಪಿಎಚ್‌ಪಿ -ಎಂ` ಹೊಡೆದು ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ.